ಅಕ್ಕನ ಕಾರಿನ ಹಳದಿ ದೀಪ

ಅಂಗಡಿಯವನು ಮೂರು ಕೋಡ್ ರೀಡರ್‌ಗಳನ್ನು ಗಾಜಿನ ಮೇಲೆ ಇಟ್ಟ. ಕಾರಿಗೆ ಸಿಕ್ಕಿಸಿದರೆ ಎಂಜಿನ್ನಿಗೆ ಏನಾಗಿದೆಯೆಂದು ಓದಿ ಹೇಳುವ ಪುಟ್ಟ ಸಾಧನಗಳು. ನಾನು ನೋಟ್‌ಬುಕ್ ತೆರೆದೆ.

ನಾಳೆ, ಭಾನುವಾರ ಹತ್ತು ಗಂಟೆಗೆ, ಗುಜರಿಯವನು ಅಕ್ಕನ ಕಾರನ್ನು ಒಯ್ಯಲು ಬರುವವನಿದ್ದ. ಹಾಸಿಗೆ ಬಿಟ್ಟು ಏಳಲಾಗದವರ ಮನೆಗಳಿಗೆ ಹೋಗಿ ಕೂದಲು ಕತ್ತರಿಸಿ ಬರುವುದು ಅಕ್ಕನ ಕೆಲಸ. ಮಡಚುವ ಕುರ್ಚಿ, ತಲೆ ತೊಳೆಯುವ ಬೋಗುಣಿ, ಕತ್ತರಿಗಳ ಚೀಲ ಎಲ್ಲ ಆ ಕಾರಿನಲ್ಲೇ. ಹತ್ತು ದಿನದಿಂದ ಎಂಜಿನ್ನಿನಲ್ಲಿ ದೋಷವಿದೆಯೆನ್ನುವ ಹಳದಿ ದೀಪ ಉರಿಯುತ್ತಿತ್ತು. ಗ್ಯಾರೇಜಿನವನು ಬಾನೆಟ್ಟನ್ನೂ ಎತ್ತದೆ, ಎಲ್ಲ ಬಿಚ್ಚಬೇಕು, ಅದರ ಬದಲು ಮಾರಿಬಿಡಿ ಎಂದಿದ್ದ. ಭಾವ ಕೂಡಲೇ ಗುಜರಿಯವನಿಗೆ ಹೇಳಿದ್ದರು. ಅಕ್ಕ ಮಾತ್ರ ನನ್ನ ಹತ್ತಿರ ಬಂದು, "ಏನಾಗಿದೆ ಅಂತ ಗೊತ್ತಿಲ್ದೆ ಹೆಂಗೋ ಕಳಿಸ್ಲಿ? ನೀನು ನೋಡು, ಆಮೇಲೆ ಕೊಡ್ತೀನಿ" ಎಂದಿದ್ದಳು.

ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಎರಡು ವರ್ಷ ಸಂಜೆ ತರಗತಿಯಲ್ಲಿ ಮೋಟಾರು ಕೆಲಸ ಕಲಿತಿದ್ದೇನೆ. ಕಲಿತದ್ದು ತಲೆಗೆ ಹತ್ತಿದೆಯೋ ಇಲ್ಲವೋ ಎಂಬ ಅನುಮಾನ ಈಗಲೂ ಹೋಗಿಲ್ಲ. ಹಾಕಿದ ಬೀಗವನ್ನು ಮತ್ತೆ ಮತ್ತೆ ಜಗ್ಗಿ ನೋಡುತ್ತೇನೆಂದು ಮನೆಯವರೆಲ್ಲ ನನ್ನನ್ನು 'ಇನ್ನೊಂದ್ಸಲ' ಎಂದೇ ಕರೆಯುತ್ತಾರೆ.

ಮೊದಲನೆಯದಕ್ಕೆ ವೈರು ಇತ್ತು. ಸಿಕ್ಕಿಸುವ ಜಾಗ ಸ್ಟಿಯರಿಂಗಿನ ಕೆಳಗೆ, ಅಕ್ಕನ ಮೊಣಕಾಲಿಗೆ ತಾಗುತ್ತದೆ, ಬೇಡ. ಎರಡನೆಯದು ವೈಫೈನದು, ಅದು ಕೆಲಸ ಮಾಡುವಾಗ ನನ್ನ ಹಳೆಯ ಫೋನಿನಲ್ಲಿ ಇಂಟರ್‌ನೆಟ್ ನಿಂತುಹೋಗುತ್ತದೆ. ರೀಡರ್ ತೋರಿಸುವ ದೋಷದ ಕೋಡ್‌ಗೆ ಅರ್ಥ ಹುಡುಕುವುದು ಹೇಗೆ? ಮೂರನೆಯದು ಬ್ಲೂಟೂತಿನದು. ನನ್ನ ಫೋನಿಗೆ ಹೊಂದುತ್ತದೆಯೇ, ಅಕ್ಕನ ಕಾರಿನ ವರ್ಷಕ್ಕೆ ಹೊಂದುತ್ತದೆಯೇ, ದೀಪ ಆರಿಸಲೂ ಬರುತ್ತದೆಯೇ ಎಂದೆಲ್ಲ ಕೇಳಿದೆ. ಆಮೇಲೆ ಮೊದಲಿನಿಂದ ಕೇಳಿದೆ.

"ಮನೆ ಕೊಳ್ಳೋರೂ ಇಷ್ಟು ಕೇಳಲ್ಲ ಸಾರ್," ಎಂದ ಅಂಗಡಿಯವನು. "ನಿಮ್ ಬಿಲ್ಡಿಂಗಿನ ಡ್ರೈವಿಂಗ್ ಮೇಷ್ಟ್ರೂ ಇದನ್ನೇ ತಗೊಂಡ್ರು. ಒಂದೇ ನಿಮಿಷದಲ್ಲಿ."

ಮೇಷ್ಟ್ರು ತಗೊಂಡಿದ್ದಾರೆ ಎಂದಮೇಲೆ ಧೈರ್ಯ ಬಂದು ಅದನ್ನೇ ಕೊಂಡೆ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ರೀಡರ್ ಸಿಕ್ಕಿಸಿ, ಎಂಜಿನ್ ಶುರು ಮಾಡದೆ ಬೀಗದ ಕೈ ಮಾತ್ರ ತಿರುಗಿಸಿದೆ. ಫೋನಿನಲ್ಲಿ ಒಂದೇ ಹೆಸರಿನ ಎರಡು ಸಾಲು ಮೂಡಿದವು. ಒಂದನ್ನೇ ಎರಡು ಸಲ ತೋರಿಸುತ್ತಿದೆ ಎಂದುಕೊಂಡು ಮೇಲಿನದನ್ನು ಒತ್ತಿದೆ.

ಆರು ದೋಷಗಳು ಬಂದವು. ಅರ್ಥ ಹುಡುಕಿ ಒಂದೊಂದನ್ನೇ ಬರೆಯುತ್ತಾ ಹೋದಂತೆ ನನ್ನ ಅಕ್ಷರ ಚಿಕ್ಕದಾಗುತ್ತಾ ಹೋಯಿತು. ಭಾವ ಹೆಗಲ ಮೇಲಿಂದ ಇಣುಕಿ, "ಇದು ಕಾರಲ್ಲಪ್ಪ, ಆಸ್ಪತ್ರೆ ವಾರ್ಡು" ಎಂದರು. ಅಕ್ಕ ಡಿಕ್ಕಿ ತೆಗೆದು ಕುರ್ಚಿಯನ್ನೂ ಬೋಗುಣಿಯನ್ನೂ ಇಳಿಸಿ ಗೋಡೆಗೆ ಒರಗಿಸತೊಡಗಿದಳು. ಆ ಸದ್ದನ್ನು ನನಗೆ ಸಹಿಸಲಾಗಲಿಲ್ಲ.

"ಅಕ್ಕಾ, ತಾಳು. ಇನ್ನೊಂದ್ಸಲ ನೋಡ್ತೀನಿ."

"ನೋಡಪ್ಪ ನೋಡು," ಎಂದರು ಭಾವ. "ಆರು ಇದ್ದದ್ದು ಏಳಾಗ್ಲಿ."

ದೋಷ ಬಿಟ್ಟು ಉಳಿದ ಅಂಕಿಗಳನ್ನು ನೋಡಿದೆ. ಎಂಜಿನ್ನಿನ ಬಿಸಿ ತೊಂಬತ್ತು ಡಿಗ್ರಿ. ನಿಮಿಷಕ್ಕೆ ಎಂಟುನೂರು ಸುತ್ತು. ನಿನ್ನೆ ಮಧ್ಯಾಹ್ನದಿಂದ ಅಲುಗದ ಕಾರು ಸುತ್ತುವುದು ಹೇಗೆ? ಬಾನೆಟ್ಟಿನ ಮೇಲೆ ಕೈ ಇಟ್ಟೆ. ತಣ್ಣಗಿತ್ತು. ತಲೆ ಎತ್ತಿದರೆ ಪಕ್ಕದ ಜಾಗದಲ್ಲಿ ಮೇಷ್ಟ್ರ ಕಾರು ಗುರುಗುಟ್ಟುತ್ತಿತ್ತು. ಅವರು ಎಂಜಿನ್ ಚಾಲೂ ಇಟ್ಟು ಹಾಡು ಕೇಳುತ್ತಾ ಕನ್ನಡಿ ಒರೆಸುತ್ತಿದ್ದರು. ಅವರ ಸ್ಟಿಯರಿಂಗಿನ ಕೆಳಗೂ ನನ್ನದರಂಥದೇ ರೀಡರಿನ ನೀಲಿ ದೀಪ ಮಿನುಗುತ್ತಿತ್ತು. ಇಷ್ಟು ಹೊತ್ತು ನಾನು ಓದಿದ್ದು ಅವರ ಕಾರನ್ನು!

ಕೆಳಗಿನ ಸಾಲನ್ನು ಒತ್ತಿದೆ. ಸುತ್ತು ಸೊನ್ನೆ. ದೋಷ ಒಂದೇ: ಪೆಟ್ರೋಲಿನ ಆವಿ ಎಲ್ಲೋ ಸೋರುತ್ತಿದೆ, ಮೊದಲು ಟ್ಯಾಂಕಿನ ಮುಚ್ಚಳ ನೋಡಿ.

ಮುಚ್ಚಳ ತಿರುಗಿಸಿ ತೆಗೆದೆ. ಅದರ ರಬ್ಬರ್ ಬಳೆಗೆ ಬಿಳಿ ಕೂದಲಿನ ಒಂದು ಪುಟ್ಟ ಕುಚ್ಚು ಅಂಟಿಕೊಂಡು, ಮುಚ್ಚಳ ಬಿಗಿಯಾಗಿ ಕೂರದಂತೆ ಮಾಡಿತ್ತು. ಅಕ್ಕ ಅದನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದಳು.

"ಹೆಡ್‌ಮಾಸ್ಟರ್ ಅಜ್ಜಂದು," ಎಂದಳು. "ಇಷ್ಟು ಒರಟು ಕೂದಲು ಬೇರೆ ಯಾರ್ದೂ ಇಲ್ಲ. ಅವತ್ತು ಅವರಿಗೆ ಕೂದಲು ಕತ್ತರಿಸಿ, ಏಪ್ರನ್ ಬಿಚ್ಚದೆ ಹಂಗೇ ನಾನೇ ಮುಚ್ಚಳ ತೆಗೆದು ಪೆಟ್ರೋಲ್ ಹಾಕಿಸಿದ್ದೆ ಕಣೋ."

ನಕ್ಕಿದ್ದು ಮೊದಲು ಭಾವ. ಆಮೇಲೆ ಯಾರಿಗೂ ನಿಲ್ಲಿಸಲಾಗಲಿಲ್ಲ. ಏನು ವಿಷಯವೆಂದು ಮೇಷ್ಟ್ರು ಬಂದರು. ನಾನು ಹಿಂಜರಿಯುತ್ತಾ ನೋಟ್‌ಬುಕ್ಕಿನ ಹಾಳೆ ಹರಿದು ಅವರ ಆರು ದೋಷಗಳನ್ನು ಅವರಿಗೆ ಕೊಟ್ಟೆ. ರೀಡರ್ ಕೊಂಡ ದಿನದಿಂದ ಒಮ್ಮೆಯೂ ತೆರೆದು ನೋಡಿರಲಿಲ್ಲವಂತೆ. ಓದಿದವರೇ ಹೋಗಿ ಮೊದಲು ಎಂಜಿನ್ ನಿಲ್ಲಿಸಿದರು.

ಮುಚ್ಚಳ ಒರೆಸಿ, 'ಟಿಕ್' ಎನ್ನುವವರೆಗೆ ತಿರುಗಿಸಿ, ದೋಷ ಅಳಿಸಿ, ಎಂಜಿನ್ ಶುರು ಮಾಡಿದೆ. ಹಳದಿ ದೀಪ ಬರಲಿಲ್ಲ. ನಾಲ್ಕು ದಿನ ಓಡಿಸಿ ನೋಡಬೇಕು, ಈಗಲೇ ಖುಷಿಪಡಬಾರದು ಎಂದು ಎಚ್ಚರಿಸಿದೆ. ನನ್ನ ಮಾತು ಯಾರ ಕಿವಿಗೂ ಬೀಳಲಿಲ್ಲ. ಅಕ್ಕ ಆಗಲೇ ಬೋಗುಣಿಯನ್ನು ಡಿಕ್ಕಿಗೆ ಏರಿಸುತ್ತಿದ್ದಳು.

ಹತ್ತು ಗಂಟೆಗೆ ಸರಿಯಾಗಿ ಗುಜರಿಯವನು ಬಂದ. ಕಾರು ಕೊಡುವುದಿಲ್ಲವೆಂದು ಕೇಳಿ ಮುಖ ಸಪ್ಪೆ ಮಾಡಿಕೊಂಡ. ಅಕ್ಕ ಅವನನ್ನೊಮ್ಮೆ ನೋಡಿ, ಕುರ್ಚಿ ಬಿಚ್ಚಿ ಹಾಕಿದಳು.

"ಬಂದಿದ್ದು ದಂಡ ಆಗ್ಬಾರ್ದಣ್ಣ. ಕಿವಿ ಮೇಲೆಲ್ಲಾ ಬೆಳೆದಿದೆ, ಕೂತ್ಕೊಳ್ಳಿ. ಅಲ್ಲಲ್ಲ, ಕಾರಿಂದ ದೂರ."

ಕತ್ತರಿ ಕಿಚಕಿಚ ಎನ್ನತೊಡಗಿತು. ಎಲ್ಲರೂ ಅತ್ತ ನೋಡುತ್ತಿದ್ದಾಗ ನಾನು ಸದ್ದಿಲ್ಲದೆ ಹೋಗಿ ಪೆಟ್ರೋಲ್ ಮುಚ್ಚಳವನ್ನು ಇನ್ನೊಂದ್ಸಲ ತಿರುಗಿಸಿ ನೋಡಿದೆ.