ಅಪ್ಪನ ಪಾಲಿನ ರಕ್ತ

"ನಿಧಾನ! ತಲೆ ಕಡೆ ಎತ್ತಿ ಹಿಡೀರೋ!" ಎನ್ನುತ್ತ ಅಂಪೊಫೊ ಮಗಳಿಗೆಂದು ತಂದ ಖಾಲಿ ಶವಪೆಟ್ಟಿಗೆಯನ್ನು ಲಾರಿಯಿಂದ ಇಳಿಸಿದ. ಪೆಟ್ಟಿಗೆ ತಂದುಕೊಟ್ಟ ಮೇಲೆ ಅಪ್ಪ ಆಚೆ ಶಾಮಿಯಾನದಲ್ಲಿ ಹೋಗಿ ಕೂರಬೇಕು. ನಮ್ಮ ಅಸಾಂಟೆ ಜನರಲ್ಲಿ ರಕ್ತ ತಾಯಿಯದು, ಕುಲವೂ ತಾಯಿಯದೇ. ಅಪ್ಪ ಎಷ್ಟೇ ಅತ್ತರೂ ಹೊರಗಿನವನು.

ಮಗಳು ಸೆವಾ ಹೊಲಿಗೆಯವಳು. ಮೊದಲು ಕಣ್ಣು ಹೋಯಿತು, ಆಮೇಲೆ ಮೂತ್ರಪಿಂಡ ಕೈಕೊಟ್ಟಿತು. ಕುರುಡಾದ ಮೇಲೂ ಬೆರಳಲ್ಲೇ ಅಂಚು ಹುಡುಕಿ ಹೊಲಿದಳು, ಇಪ್ಪತ್ತಾರನೇ ವಯಸ್ಸಿಗೆ ಹೋದಳು. ಕುಲದವರ ಸಾಲಿನ ತುದಿಯಲ್ಲಿ ಅವಳ ತಾಯಿ ಡುಫಿಯೆ ಕೂತಿದ್ದಳು. ಪಕ್ಕದ ಕುರ್ಚಿಯಲ್ಲಿ ಯಾರೂ ಕೂತಿರಲಿಲ್ಲ.

"ಮಾಟ ಮಾಡಿ ಮಗಳನ್ನೇ ತಿಂದ್ಲು," ಎಂದ ಕುಲದ ಹಿರಿಯ ಬ್ರೆನ್ಯಾ, ಅವಳಿಗೆ ಕೇಳಲೆಂದೇ. "ಮಣ್ಣಾದ ಮೇಲೆ ಇವಳು ಈ ಮನೇಲಿ ಇರಕೂಡದು."

*

ಸೆವಾ ಬದುಕಿದ್ದಾಗ ಕುಮಾಸಿ ಪಟ್ಟಣದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅಪ್ಪ ಮಗಳಿಗೆ ಬಿಡಿಸಿ ಹೇಳಿದ್ದಳು. ಜೀವಕೋಶದೊಳಗೆ ಸೆಂಟ್ರೋಸೋಮ್ ಅನ್ನುವ ಪುಟ್ಟ ಠಾಣೆ, ಅಲ್ಲೊಂದು ಪ್ರೋಟೀನು. ಡಿಎನ್‌ಎ ಹರಿದರೆ ರಿಪೇರಿಗೆ ಓಡುವುದು ಅದೇ. ಕೋಶದ ಮೈಮೇಲೆ ಸಿಲಿಯ ಅನ್ನುವ ಸಣ್ಣ ಕೂದಲು ಎಬ್ಬಿಸುವುದೂ ಅದೇ. ಅದು ಕೆಟ್ಟರೆ ಕಣ್ಣು, ಮೂತ್ರಪಿಂಡ ಎರಡೂ ಸೋಲುತ್ತವೆ.

"ಅದಕ್ಕೂ ಎರಡೆರಡು ಕೆಲಸ! ಹಗಲು ವ್ಯಾನ್ ಓಡಿಸು, ರಾತ್ರಿ ಗೋದಾಮು ಕಾಯಿ. ಥೇಟ್ ನಮ್ಮಪ್ಪ!" ಸೆವಾ ನಕ್ಕಳು. "ಈ ಕಾಯಿಲೇನ ನಂಗೆ ಕೊಟ್ಟೋರ್ಯಾರು?"

"ಆ ಪ್ರೋಟೀನಿನ ಜೀನು ಅಮ್ಮನಿಂದ ಒಂದು ಪ್ರತಿ, ಅಪ್ಪನಿಂದ ಒಂದು ಬರುತ್ತೆ. ಎರಡೂ ಕೆಟ್ಟಿದ್ರೆ ಮಾತ್ರ ಈ ಕಾಯಿಲೆ," ಎಂದಳು ಡಾಕ್ಟರಮ್ಮ.

ಸೆವಾ ಅಪ್ಪನ ಕಡೆ ಮುಖ ತಿರುಗಿಸಿದಳು. "ಕೇಳಿದ್ಯಾ? ನೀನೂ ನನ್ನ ರಕ್ತಾನೇ! ಇನ್ಮೇಲೆ ಯಾರಾದ್ರೂ ಹೊರಗಿನವನು ಅನ್ನಲಿ, ನೋಡ್ಕೋತೀನಿ."

ಅಂಪೊಫೊಗೆ ಆ ದಿನ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

*

ಈಗ ಅಂಪೊಫೊ ಶಾಮಿಯಾನದಿಂದ ಎದ್ದು ಅಂಗಳ ದಾಟಿ ಬಂದು ಡುಫಿಯೆಯ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತ.

"ಏಯ್, ಏಳು! ಅದು ರಕ್ತಸಂಬಂಧಿಗಳ ಸಾಲು," ಬ್ರೆನ್ಯಾ ಗದರಿದ.

"ಅದಕ್ಕೇ ಕೂತಿರೋದು. ಮಗಳ ಕಾಯಿಲೇಲಿ ಅರ್ಧ ನಾನು ಕೊಟ್ಟಿದ್ದು. ಡಾಕ್ಟ್ರು ಪರೀಕ್ಷೆ ಮಾಡಿ ಹೇಳಿದಾರೆ. ಇವಳು ಮಾಟಗಾತಿ ಆದ್ರೆ ನಾನೂ ಮಾಟಗಾರ. ಇಬ್ಬರನ್ನೂ ಓಡಿಸಿ."

"ಗಂಡಸಿಂದ ರಕ್ತ ಬರುತ್ತೇನೋ? ತಲೆ ಕೆಟ್ಟಿದೆ ನಿಂಗೆ!"

"ಕೆಟ್ಟಿರಲಿ. ಏಳಲ್ಲ."

ಅಷ್ಟರಲ್ಲಿ ಸಂತಾಪ ಹೇಳುವವರು ಒಬ್ಬೊಬ್ಬರ ಕೈ ಕುಲುಕುತ್ತ ಬಂದರು. ಡುಫಿಯೆಯ ಕೈ ಮುಟ್ಟಬೇಡಿ ಎಂದು ಬ್ರೆನ್ಯಾ ಬೆಳಿಗ್ಗೆಯೇ ಊರಿಗೆಲ್ಲ ಹೇಳಿಸಿದ್ದ. ಅಂಪೊಫೊ ತನ್ನ ಕೈ ಚಾಚಿದ. ಹೆಂಡತಿಯ ಮಣಿಕಟ್ಟು ಹಿಡಿದು ಅವಳ ಕೈಯನ್ನೂ ಚಾಚಿಸಿದ. ಸಾಲು ನಿಂತಿತು. ಮುಂದಿದ್ದ ಮುದುಕಿ ಬ್ರೆನ್ಯಾನ ಮುಖ ನೋಡಿದಳು, ಆ ಎರಡು ಕೈಗಳನ್ನು ನೋಡಿದಳು. ಆಮೇಲೆ ಬಲಗೈಯ ಊರುಗೋಲನ್ನು ಎಡಗೈಗೆ ಬದಲಿಸಿಕೊಂಡಳು.