ಮಹಾನಂದಾಳ ಕ್ಯಾಸಿನೊ

ಒಂದೇ ಖೋಲಿಯ ಮನೆಗೆ ಇಷ್ಟೊಂದು ಸಡಗರವೇ ಎಂದು ಕೇಳುವವರು ಕೇಳಲಿ. ಟಿಕೋಟಾದ ಮಹಾನಂದಾ ತಮ್ಮ ದ್ರಾಕ್ಷಿ ತೋಟದ ಮೂಲೆಯಲ್ಲಿ ಆ ಮನೆ ಕಟ್ಟಿಸಲು ಗಂಡ ಮಹಾದೇವನ ತಲೆ ತಿಂದ ಪರಿ ಅವನಿಗೇ ಗೊತ್ತು. ತೋಟದ ಕೆಲಸಕ್ಕೆ ಬರುವ ಹೆಣ್ಣುಮಕ್ಕಳು ಮಧ್ಯಾಹ್ನ ಬುತ್ತಿ ಬಿಚ್ಚಿ, ನಾಲ್ಕು ಹಾಡು ಹಾಡಿ, ಕಾಲು ಚಾಚಿ ಕೂರಲು ಒಂದು ಸೂರು ಬೇಕೆಂಬುದು ಅವಳ ಹಟ.

ಶ್ರಾವಣ ಸೋಮವಾರ ಬೆಳಿಗ್ಗೆ ಎಲ್ಲ ಸಜ್ಜಾಗಿತ್ತು. ಹಾಲು ಉಕ್ಕಿಸಲು ಒಲೆ ಹೂಡಿಯಾಗಿತ್ತು. ಆದರೆ ಮೊದಲ ಹೆಜ್ಜೆ ಮಾವ ಯಲಗೂರಪ್ಪನದೇ ಆಗಬೇಕು. ಸೊಸೆಯಾಗಿ ಬಂದ ದಿನದಿಂದ ತನ್ನನ್ನು ‘ಯವ್ವಾ’ ಎಂದೇ ಕರೆದ ಮನುಷ್ಯ ಕಾಲಿಡದ ಮನೆ ಅವಳಿಗೆ ಮನೆಯೇ ಅಲ್ಲ.

ಬಾಗಿಲ ಮೇಲೆ ಬಟ್ಟೆ ಮುಚ್ಚಿದ ಬೋರ್ಡು. ಅದು ವಿಜಯಪುರದಲ್ಲಿ ಕಾಲೇಜು ಓದುವ ಮಗಳು ಕಾವ್ಯಾಳ ಕರಾಮತ್ತು. ಯಲಗೂರಪ್ಪ ಕಾಯಿ ಒಡೆದು ಬಟ್ಟೆ ಸರಿಸಿದ. ‘ಮಹಾನಂದಾ ಕ್ಯಾಸಿನೊ’ ಎಂದು ಕೆಂಪು ಅಕ್ಷರಗಳು ಮಿಂಚಿದವು.

“ಹಂಗಂದ್ರೇನ ಬೇ?” ಎಂದು ಕೇಳುತ್ತ ಅವನು ಹೊಸ್ತಿಲ ಕಡೆ ಕಾಲೆತ್ತಿದ.

ಉತ್ತರ ಕೊಟ್ಟವನು ಪಕ್ಕದ ತೋಟದ ಸಂಗು. ಅವನ ಬಾಯಿಗೆ ಬೀಗ ಎಂಬುದೇ ಇಲ್ಲ. “ಗೋವಾದಾಗ ನೋಡೇನ್ರಿ ಮುತ್ಯಾ! ನದಿಯಾಗ ಹಡಗ, ಹಡಗಿನ್ಯಾಗ ಜೂಜ. ಅದಕ್ಕ ಹಿಂಗ ಅಂತಾರ್ರಿ.”

ಎತ್ತಿದ ಕಾಲು ಹಿಂದಕ್ಕೆ ಬಂತು. “ಅಂದ್ರ ಇಸ್ಪೀಟ ಅಡ್ಡೆ! ನಾ ಒಲ್ಲೆ ಯವ್ವಾ. ಅಡ್ಡೇದ ಹೊಸ್ತಲಾ ದಾಟಂಗಿಲ್ಲಂತ ಸಿದ್ಧೇಶ್ವರ ಗುಡ್ಯಾಗ ಆಣಿ ಮಾಡೇನಿ.”

“ನಿನ್ನ ಸಾಲಿ ಸುಡ್ಲಿ! ಕಿತ್ತ ಒಗಿ ಅದನ್ನ!” ಎಂದು ಮಹಾನಂದಾ ಮಗಳ ಮೇಲೆ ಹರಿಹಾಯ್ದಳು.

“ಕಿತ್ರ ಏನಾತು? ಕಾಯಿ ಒಡದಾತಲ್ಲ,” ಎಂದ ಯಲಗೂರಪ್ಪ. ಕಾಯಿ ಒಡೆದು ಇಟ್ಟ ಹೆಸರು ಹಿಂದಕ್ಕೆ ಬರುವುದಿಲ್ಲ ಎಂಬುದು ಆ ಮನೆತನದ ಕಟ್ಟಾ ನಂಬಿಕೆ. ಅವನು ಹೋಗಿ ಬೇವಿನ ಗಿಡದ ಬುಡದಲ್ಲಿ ಕೂತುಬಿಟ್ಟ. ಮಹಾನಂದಾಳಿಗೆ ಅಳು ಒತ್ತಿ ಬಂತು.

ಕಾವ್ಯಾ ಅಜ್ಜನ ಮುಂದೆ ಮಂಡಿಯೂರಿದಳು. “ಮುತ್ಯಾ, ಪೂರಾ ಕೇಳ್ರಿ. ಇಟಲಿ ದೇಶದಾಗ ಕಾಸಾ ಅಂದ್ರ ಮನಿ. ಕ್ಯಾಸಿನೊ ಅಂದ್ರ ಸಣ್ಣ ಮನಿ. ದೊಡ್ಡ ಮನಿಯವರು ತೋಟದಾಗ ಕಟ್ಟಸ್ತಿದ್ರಂತ, ಹಾಡಾಕ, ಕುಣ್ಯಾಕ, ಹರಟಿ ಹೊಡ್ಯಾಕ. ಅಲ್ಲೇ ಜೂಜ ಸೇರಕೊಂತು. ಕಡೀಕ ಹೆಸರೂ ಅದರದ ಆತು.”

ಯಲಗೂರಪ್ಪ ತಲೆ ಎತ್ತಿದ. ಮೆಲ್ಲಗೆ ಕೇಳಿದ: “ಮೊದಲ ಹಾಡೋರು ಇದ್ರಾ?”

“ಹೂಂ, ಮುತ್ಯಾ.”

“ಟಿಕೋಟಾಕ್ಕ ಬರೂಕಿಂತ ಮೊದಲ ನಮ್ಮ ಬಬಲೇಶ್ವರದಾಗೂ ಹಿಂಗ ಆತು ನೋಡು. ಭಜನಿಗಂತ ಒಂದ ಖೋಲಿ ಕಟ್ಟಿದ್ವಿ. ಗ್ವಾಡಿಗೆ ಮಣ್ಣ ತುಳದಾಂವ ನಾನು. ಭಜನಿ ಮುಗದ ಮ್ಯಾಲೆ ವ್ಯಾಳ್ಯಾ ಕಳ್ಯಾಕ ಯಾರೋ ಇಸ್ಪೀಟ ತಂದ್ರು. ಬರಬರತ ಭಜನಿ ಹೋತು, ಇಸ್ಪೀಟ ಉಳೀತು. ಊರ ಮಂದಿ ಅಡ್ಡೆ ಅನ್ನಾಕತ್ರು. ನಾ ಜಗಳಾ ಮಾಡಿ ಹೊರಗ ಬಂದೆ. ಭಜನ್ಯಾಗ ನಾ ಬಡಿಯೂ ದಮ್ಮಡಿನೂ ಅಲ್ಲೇ ಉಳೀತು.”

ತೀರಿಹೋದ ಅತ್ತೆ ಹೇಳುತ್ತಿದ್ದುದು ಮಹಾನಂದಾಳಿಗೆ ನೆನಪಾಯಿತು: ನಿಮ್ಮ ಮಾವನ ಹಾಡು ನೀ ಕೇಳಬೇಕಿತ್ತು. ಮದುವೆಯಾಗಿ ಬಂದಾಗಿನಿಂದ ಅವನು ಒಂದು ಸಾಲು ಗುನುಗಿದ್ದನ್ನೂ ಅವಳು ಕೇಳಿರಲಿಲ್ಲ. ಅವಳು ಎರಡು ಹೆಜ್ಜೆ ಮುಂದೆ ಬಂದಳು.

“ಖೋಲಿ ಅವರು ಕಸಗೊಂಡ್ರು, ಖರೆ. ನಿಮ್ಮ ದನೀನೂ ಅವರಿಗೇ ಕೊಟ್ಟ ಬಂದ್ರೇನ್ರಿ ಮಾವಾರ?”

ಅಂದವಳೇ ಬಾಯಿಗೆ ಸೆರಗು ಒತ್ತಿಕೊಂಡಳು. ಮಾವನಿಗೆ ಅವಳು ಎಂದೂ ಎದುರು ಮಾತಾಡಿದವಳಲ್ಲ. ಸಂಗು ಕೂಡ ಬಾಯಿಗೆ ಬೀಗ ಹಾಕಿಕೊಂಡ. ಅವನಿಗೂ ಅದು ಸಾಧ್ಯ ಎಂದು ಅಂದೇ ತಿಳಿದದ್ದು.

ಯಲಗೂರಪ್ಪ ಸೊಸೆಯ ಮುಖ ನೋಡಿದ. ಧೋತರದ ಧೂಳು ಕೊಡವಿ ಎದ್ದು ನಿಂತ. ಕೈತಾಳ ಹಾಕಿ ಒಂದು ಪದ ಎತ್ತಿಕೊಂಡ. ಮೊದಲ ಸಾಲಿಗೆ ದನಿ ಒಡೆಯಿತು, ಎರಡನೆಯದಕ್ಕೆ ಕೆಮ್ಮು ಬಂತು. ಮೂರನೆಯ ಸಾಲಿಗೆ ದನಿ ಏರಿತು ನೋಡಿ, ದ್ರಾಕ್ಷಿ ಸಾಲಿನ ಆ ತುದಿಯಲ್ಲಿದ್ದ ಹೆಂಗಸರು ಓಡಿ ಬಂದರು. ಹಾಡುತ್ತಲೇ ಅವನು ನಡೆದ, ಹಾಡುತ್ತಲೇ ಹೊಸ್ತಿಲು ದಾಟಿದ. ಅವನ ಹಿಂದೆ ಹೆಂಗಸರೆಲ್ಲ ಸೊಲ್ಲು ಹಿಡಿದು ಒಳನುಗ್ಗಿದರು.

ಮಹಾನಂದಾ ಒಲೆ ಹೊತ್ತಿಸಿ ಹಾಲಿಟ್ಟವಳು ಇಟ್ಟದ್ದನ್ನೇ ಮರೆತಳು. ಕಣ್ಣೊರೆಸಿಕೊಳ್ಳುತ್ತ, ನಗುತ್ತ, ಕೇಳುತ್ತ ನಿಂತಳು. ಹಾಲು ಉಕ್ಕಿ, ಸುರಿದು, ಒಲೆಯ ಬೆಂಕಿಯನ್ನೇ ಆರಿಸಿತು. ಗಂಡ ಕೂಗಿದ ಮೇಲೆಯೇ ಅವಳಿಗೆ ಎಚ್ಚರ.

ಪದ ಮುಗಿದಾಗ ಕಾವ್ಯಾ ಅಳುಕುತ್ತ ಕೇಳಿದಳು. “ಬೋರ್ಡ ತಗೀಲೇನ್ರಿ, ಮುತ್ಯಾ?”

“ತಗೀಬ್ಯಾಡ. ಇಸ್ಪೀಟ ಹಿಡಕೊಂಡ ಯಾರರೆ ಬಂದ್ರ, ಮನಿ ತಪ್ಪಿ ಬಂದೀರಿ ಅಂತ ಹೇಳು.” ಅವನು ಬಾಗಿಲ ಕಡೆ ತಿರುಗಿದ. “ಲೇ ಸಂಗು, ಗೋವಾದ ಸುದ್ದಿ ಸಾಕ. ಗಾಡಿ ತಗಿ. ವಿಜಾಪುರಕ್ಕ ಹೋಗಿ ನನಗೊಂದ ದಮ್ಮಡಿ ತೊಗೊಂಡ ಬಾ.”