ಡಾಬಕಾದ ತೂಬು

"ಒಂದು ಮಾತು ಸುಳ್ಳಿದ್ರ ನನ್ನ ಕುರಿ ಎಲ್ಲಾ ತೋಳ ಒಯ್ಲಿ ಅಕ್ಕಾರ, ನಮ್ಮ ಡಾಬಕಾದ ತೂಬಿನ ನೀರು ಸೀದಾ ಮನಿ ಹಿತ್ತಲಕ್ಕ ಬರ್ತದ್ರಿ," ಎಂದ ಮಡೆಪ್ಪ.

ಹಲಬರ್ಗಾದಿಂದ ಗಂಡು ನೋಡಲು ಬಂದ ಸುಂದರಬಾಯಿ ಚಾಪೆಯ ಮೇಲೆ ಕೂತು ಬಸಿಯಲ್ಲಿ ಚಹಾ ಆರಿಸುತ್ತಿದ್ದಳು. ಅಣ್ಣನ ಮಗಳು ಸತ್ಯಮ್ಮನನ್ನು ಈ ಮನೆಗೆ ಕೊಡುವುದೂ ಬಿಡುವುದೂ ಅವಳೊಬ್ಬಳ ಕೈಯಲ್ಲಿತ್ತು. ಸತ್ಯಮ್ಮನ ಅಕ್ಕನನ್ನು ಹಿಂದೆ ನೀರು ದೂರವಿದ್ದ ಊರಿಗೆ ಕೊಟ್ಟು, ಕೊಡ ಹೊತ್ತು ಹೊತ್ತು ಆ ಹುಡುಗಿಯ ನೆತ್ತಿಯ ಕೂದಲೇ ಸವೆದಿತ್ತು. ಇದು ಮಡೆಪ್ಪನಿಗೂ ಗೊತ್ತಿತ್ತು. ಕೆರೆ ಎಷ್ಟು ದೂರ ಎಂಬುದೊಂದು ಅವಳಿಗೆ ಗೊತ್ತಾಗದಿದ್ದರೆ ಮಗನ ಮದುವೆ ಆದಂತೆಯೇ.

"ತೂಬಂದ್ರ ಏನ್ರಿ ಅಣ್ಣಾರ?"

"ಕೆರಿ ಬಾಯಿರಿ. ಕಲ್ಲಿನ ಬಾಯಿ. ಬಿರಡಿ ಜಗ್ಗಿದ್ರ ನೀರು ಹೊರಗ ಬರ್ತದ. ನಿಜಾಮನ ಕಾಲಕ್ಕ ಮೋರಿ ಅಂತಿದ್ದೆವು. ಈಗ ಮೈಸೂರಿಗೆ ಸೇರೇವಲ್ಲರಿ, ಆ ಕಡಿ ಸಾಹೇಬ್ರು ಬಂದು ತೂಬು ಅಂದ್ರು."

"ಹೆಸರು ಬದ್ಲಾದ್ರ ನೀರು ಹೆಚ್ಚಾಗ್ತದೇನ್ರಿ?"

"ದುಪ್ಪಟ್ಟು ಅಕ್ಕಾರ! ಮೋರಿ ಇದ್ದಾಗ ಬೆರಳಿನಷ್ಟು ಬರ್ತಿತ್ತು. ತೂಬು ಅಂದ ದಿನಾನೇ ತೊಡಿ ಗಾತ್ರ ಆತು."

ಅಷ್ಟರಲ್ಲಿ ಮಗ ಜ್ಞಾನೇಶ್ವರ ಬಂದ. ಇವತ್ತಾದರೂ ಹೊಸ ಅಂಗಿ ತೊಟ್ಟು ಸುಮ್ಮನೆ ಕೂಡು ಎಂದು ಮಡೆಪ್ಪ ಬೆಳಿಗ್ಗೆಯಿಂದ ಬೈದಿದ್ದ. ಹೊಸ ಅಂಗಿಯೇನೋ ಮೈಮೇಲಿತ್ತು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಒಂದರ ಮೇಲೊಂದು ಎರಡು ಕೊಡ. ಅಂಗಿ ಪೂರಾ ಬೆವರಿಗೆ ತೊಯ್ದಿತ್ತು.

ಸುಂದರಬಾಯಿ ಬಸಿ ಕೆಳಗಿಟ್ಟಳು.

"ನೀರು ಪರೀಕ್ಷಾ ಮಾಡ್ಲತ್ತಾನ್ರಿ," ಎಂದ ಮಡೆಪ್ಪ. "ಸಾಹೇಬ್ರ ಹುಕುಂ."

"ದಿನಾ ಮಾಡ್ತೀಯೇನಪ್ಪ ಪರೀಕ್ಷಾ?"

"ಹೂಂ ಅತ್ತಿ, ದಿನಾ ನಾನೇ ಹೋಗ್ತೇನಿ. ಅವ್ವನ ಮಣಕಾಲು ಬಾತಾವ."

"ದೂರ ಅದ ಏನು?"

"ಅರ್ಧ ಹರದಾರಿ ಅದ್ರಿ. ಹೆಂಗಸರ ಕೆಲಸ ಮಾಡ್ತಾನಂತ ಊರ ಮಂದಿ ನಗ್ತಾರ. ನಗ್ಲಿ." ಅವನು ಬಾಗಿಲಿಗೆ ತಲೆ ಬಗ್ಗಿಸದೆ, ಮೊಣಕಾಲು ಬಗ್ಗಿಸಿ, ಒಂದು ಹನಿ ತುಳುಕಿಸದೆ ಒಳಗೆ ಹೋದ.

ಮಡೆಪ್ಪ ಕಣ್ಣು ಮುಚ್ಚಿದ. ಸಂಬಂಧ ಕೈತಪ್ಪಿತು. ಉಳಿದದ್ದು ಇನ್ನೂ ದೊಡ್ಡ ಕಥೆಯೊಂದೇ.

"ಅವನಿಗೆ ಅಂದಾಜು ಇಲ್ರಿ, ಬಿಡ್ರಿ. ತೂಬಿನ ಜೋರು ಕೇಳ್ರಿ. ಮೊನ್ನಿ ನಮ್ಮ ಬಾಬುಮಿಯಾನ ಎಮ್ಮಿ ಅದರಾಗ ಹೊಕ್ತು. ತಲಿ ಒಳಗ, ಬಾಲ ಹೊರಗ. ಊರ ಮಂದಿ ಎಲ್ಲಾ ಬಾಲ ಹಿಡಿದು..."

ಸುಂದರಬಾಯಿ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೀದಾ ಅಡುಗೆಮನೆಗೆ ನಡೆದಳು. ಒಳಗೆ ಮಡೆಪ್ಪನ ಹೆಂಡತಿಯನ್ನು ಅವಳು ಕೇಳುವುದು ಹೊರಗೂ ಕೇಳಿಸಿತು: "ಸಕ್ಕರಿ ಡಬ್ಬಿ ಎಲ್ಲಿಟ್ಟೀರಿ ಬೀಗ್ತಿ? ಎಲ್ಲಾರ ಬಾಯಿ ಸಿಹಿ ಮಾಡೂದದ."

ಬಾಲ ಜಗ್ಗಿದ್ದನ್ನು ತೋರಿಸಲು ಎತ್ತಿದ ಕೈ ಇಳಿಸದೆ ಮಡೆಪ್ಪ ಕೂತಿದ್ದ. ಎಮ್ಮೆ ಇನ್ನೂ ತೂಬಿನೊಳಗೇ ಇತ್ತು.